ಐದು ಸರೋವರ, ಒಂದು ವಿಮೆ

ವಿಮೆ ಮಾಡಿಸುವುದು ನಗುವ ಕೆಲಸವಲ್ಲ. ಆದರೆ ಆ ವರ್ಷ ನಮ್ಮ ಮನೆಗೆ ವಿಮೆಯ ಏಜೆಂಟರು ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು. ನಾಲ್ಕು ಸಲ ಬಂದರು, ನಾಲ್ಕು ಸಲವೂ ಆಯಿತು. ಬರೆದು ಅಭ್ಯಾಸವಿಲ್ಲದ ನಾನು ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ವಿವರಣೆ ಹೆಚ್ಚಾದರೆ ಬೇಸರ ಮಾಡಿಕೊಳ್ಳಬೇಡಿ. ಬಿಟ್ಟು ಹೇಳಿದರೆ ಅರ್ಥವಾಗದೆ ಹೋದೀತೆಂಬ ಭಯ ನನಗೆ.

ಎಳೆದರೆ ಬರುವ ಮನೆ

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ. ನಾವು ಎಂದರೆ ನಾನು ಮತ್ತು ನಮ್ಮ ಯಜಮಾನರು. ಇವರು ಕಾರು ಕಂಪನಿಯೊಂದರಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್. ಬ್ರೇಕಿನ ಮಾತು ಮುಂದೆ ಬರುತ್ತದೆ, ಆದ್ದರಿಂದ ಈಗಲೇ ಹೇಳಿದ್ದೇನೆ. ಮೇ ತಿಂಗಳಲ್ಲಿ ಮೈಸೂರಿನಿಂದ ಅತ್ತೆ ಬಂದರು. ಅಕ್ಟೋಬರ್ ಮೊದಲ ವಾರಕ್ಕೆ ಅವರ ವಾಪಸ್ ಟಿಕೆಟ್.

ಅತ್ತೆ ಬಂದದ್ದು ನಮ್ಮನ್ನು ನೋಡುವುದಕ್ಕೆ ಎಂದು ನಾವು ತಿಳಿದಿದ್ದೆವು. ಬಂದ ಎರಡನೆಯ ದಿನ ಅವರು ಪೆಟ್ಟಿಗೆಯಿಂದ ಐದು ಖಾಲಿ ಔಷಧಿ ಸೀಸೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ವಿಷಯ ಗೊತ್ತಾಯಿತು. ನಮ್ಮ ಮಾವ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರಾಗಿದ್ದರು. ಗೋಡೆಯ ಮ್ಯಾಪಿಗೆ ಬೆತ್ತ ತಾಗಿಸಿ, ಉತ್ತರ ಅಮೆರಿಕದ ಐದು ಮಹಾಸರೋವರಗಳ ಹೆಸರನ್ನು ಎಷ್ಟೋ ಸಾವಿರ ಮಕ್ಕಳಿಂದ ಬಾಯಿಪಾಠ ಹೇಳಿಸಿದವರು. ಒಂದನ್ನೂ ಕಣ್ಣಾರೆ ನೋಡದೆ ತೀರಿಕೊಂಡರು. ಕಾಶಿಗೆ ಹೋದವರು ಗಂಗೆ ತರುವ ಹಾಗೆ, ಆ ಐದೂ ಸರೋವರದ ನೀರು ತಂದು ಅವರ ಫೋಟೋದ ಮುಂದೆ ಇಡಬೇಕೆಂಬುದು ಅತ್ತೆಯ ಆಸೆ.

ತೊಡಕು ಊಟದ್ದು. ಅತ್ತೆ ಹೊರಗೆ ಏನೂ ತಿನ್ನುತ್ತಿರಲಿಲ್ಲ; ಮಾಂಸ ಬೆಂದ ಒಲೆಯ ಮೇಲೆ ಇಟ್ಟ ಹಾಲೂ ಅವರಿಗೆ ಬೇಡ. ಮೊಸರನ್ನದ ಬುತ್ತಿ ಒಂದು ದಿನಕ್ಕೆ ಸರಿ. ಸುಪೀರಿಯರ್ ಸರೋವರ ನಮ್ಮಿಂದ ಬಹಳ ದೂರ, ಹೋಗಿಬರಲು ಮೂರು ನಾಲ್ಕು ದಿನ ಬೇಕು. ಅದಕ್ಕಾಗಿ ಇವರು ಆಫೀಸಿನವರೊಬ್ಬರಿಂದ ಒಂದು ಹಳೆಯ ಟ್ರೈಲರ್ ಕೊಂಡು ತಂದರು. ಟ್ರೈಲರ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಗ್ಯಾಸ್ ಒಲೆ, ಸಿಂಕು, ಮಂಚ ಎಲ್ಲ ಇರುತ್ತದೆ; ಹಳೆಯ ಒಲೆ ಕೀಳಿಸಿ ಇವರು ಹೊಸದು ಹಾಕಿಸಿದ್ದರು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು.

ಅತ್ತೆ ಅದಕ್ಕೆ ಒಂದು ಸುತ್ತು ಬಂದರು.

"ಎಂಜಿನ್ ಎಲ್ಲೋ?"

"ಇದಕ್ಕೆ ಎಂಜಿನ್ ಇರಲ್ಲಮ್ಮ."

"ಹಾಗಾದ್ರೆ ತಾನಾಗಿ ಹೋಗಲ್ಲ?"

"ಇಲ್ಲ. ಎಳೀಬೇಕು."

ಅತ್ತೆ ನನ್ನ ಕಡೆ ತಿರುಗಿದರು. "ಒಳಗೆ ಇರೋದು ಅಡುಗೆಮನೆ, ಹಾಸಿಗೆ, ಎರಡೇ. ತಾನಾಗಿ ಒಂದು ಹೆಜ್ಜೆ ಇಡಲ್ಲ, ಯಾರಾದರೂ ಎಳೀಬೇಕು. ಭಾನುವಾರ ಇವನೂ ಹೀಗೇ ಅಲ್ವೇನಮ್ಮ?"

ಮೇಲಿನವರು

ವಿಮೆ ಮಾಡಿಸದೆ ಆ ಟ್ರೈಲರ್ ಮನೆ ಬಿಟ್ಟು ಕದಲಕೂಡದೆಂದು ಹಟ ಹಿಡಿದವಳು ನಾನು. ಏಜೆಂಟರು ಮನೆಗೇ ಬಂದರು. ಅರವತ್ತು ದಾಟಿದ ಅಮೆರಿಕನ್, ಹ್ಯಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ಮನುಷ್ಯ. ಅವರ ಇಂಗ್ಲಿಷನ್ನು ಅತ್ತೆಗೆ, ಅತ್ತೆಯ ಕನ್ನಡವನ್ನು ಅವರಿಗೆ ದಾಟಿಸುವ ಕೆಲಸ ನನ್ನದು.

ಮೊದಲ ಪ್ರಶ್ನೆ, ಟ್ರೈಲರ್ ಯಾಕೆ ಬೇಕು, ವಾಸಕ್ಕೋ ಮನರಂಜನೆಗೋ?

"ಯಾತ್ರೆಗೆ ಅಂತ ಹೇಳು," ಎಂದರು ಅತ್ತೆ.

ಹೇಳಿದೆ. ಏಜೆಂಟರು ಕಾಗದವನ್ನು ತಿರುವಿ ಹಾಕಿದರು. ಯಾತ್ರೆಗೆ ಅದರಲ್ಲಿ ಜಾಗವಿರಲಿಲ್ಲ. ಕೊನೆಗೆ ಮನರಂಜನೆ ಎಂದೇ ಗುರುತು ಹಾಕಿದರು. "ಏನು ಬರೆದ್ರು?" ಎಂದು ಅತ್ತೆ ಕೇಳಿದಾಗ ನಾನು, "ಯಾತ್ರೆ ಅಂತಲೇ," ಎಂದೆ. ಈ ಸುಳ್ಳನ್ನು ಇಂದು ಒಪ್ಪಿಕೊಳ್ಳುತ್ತಿದ್ದೇನೆ.

ಆಮೇಲೆ ವಿಮೆಯ ಬಗೆಗಳನ್ನು ವಿವರಿಸಿದರು. ಒಂದು, ನಾವು ಬೇರೆಯವರಿಗೆ ಗುದ್ದಿ ಮಾಡುವ ನಷ್ಟಕ್ಕೆ. ಎರಡು, ನಮ್ಮ ಟ್ರೈಲರಿಗೇ ಆಗುವ ನಷ್ಟಕ್ಕೆ. ಮೂರು, ಟ್ರೈಲರಿನ ಒಳಗಿರುವ ಸಾಮಾನಿಗೆ. ಮೊದಲೆರಡಕ್ಕೆ ಇವರು ಹೂಂ ಎಂದರು. ಮೂರನೆಯದು ಬೇಡವೆಂದು ತಲೆಯಾಡಿಸಿದರು. "ಎರಡು ಪಾತ್ರೆ, ಐದು ಖಾಲಿ ಸೀಸೆ. ಅದಕ್ಕೆಲ್ಲ ಯಾಕೆ ವಿಮೆ?"

"ಈಗ ಖಾಲಿ ಕಣೋ," ಎಂದರು ಅತ್ತೆ.

ಸಾಮಾನು ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ಹಾಗಾಗಿ ಅಂಥ ವಿಮೆಯಿಂದ ದೊಡ್ಡ ಲಾಭವೇನೂ ಇಲ್ಲ ಎಂದು ಏಜೆಂಟರೂ ಪ್ರಾಮಾಣಿಕವಾಗಿ ಹೇಳಿದರು. ಇದನ್ನು ನಾನು ಅತ್ತೆಗೆ ಹೇಳಬಾರದಿತ್ತು. ಅವರು ಎದ್ದು ಒಳಗೆ ಹೋಗಿ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ ತಂದರು. ಇದು ಖಾರದ್ದಲ್ಲ, ಬರೀ ಉಪ್ಪಿನಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟು, ಜ್ವರ ಬಂದವರ ಬಾಯಿಗೆ ಕೊಡುತ್ತಾರಲ್ಲ, ಆ ಕಪ್ಪಗಾದದ್ದು.

"ಇದು ಎಂಟು ವರ್ಷದ್ದು. ಇದರ ಬೆಲೆ ಇಳಿದಿದೆಯಾ ಏರಿದೆಯಾ, ತಿಂದು ಹೇಳಕ್ಕೆ ಹೇಳು."

ಏಜೆಂಟರು ಒಂದು ಚೂರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಗೋಡೆ ನೋಡಿದರು. ನಂತರ, "ಇದಕ್ಕೆ ಬೆಲೆ ಕಟ್ಟುವ ಅಧಿಕಾರ ನನಗಿಲ್ಲ. ಮೇಲಿನವರನ್ನು ಕೇಳಬೇಕು," ಎಂದರು. ಅತ್ತೆ ಖುಷಿಯಿಂದ ಒಂದು ಪುಟ್ಟ ಬಾಟಲಿಗೆ ತುಂಬಿ ಕೊಟ್ಟರು. ಬಾಟಲಿಯನ್ನು ಖಂಡಿತ ಹಿಂದಿರುಗಿಸುತ್ತೇನೆಂದು ಅವರು ಹೇಳಿದಾಗ, ಸುಮ್ಮನಿರಲಾರದ ನಾನು ನಮ್ಮ ಪದ್ಧತಿ ವಿವರಿಸಿದೆ: ತಿಂಡಿ ಬಂದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಮೇಲಿನವರು ಎಂದರೆ ಅವರ ಹೆಂಡತಿ ಎಂದು ನಮಗೆ ಆಮೇಲೆ ಗೊತ್ತಾಯಿತು.

ಇನ್ನೊಂದು ಕಂಪನಿ

ಎರಡನೆಯ ಸಲ ಅವರು ಬಂದದ್ದು ಟ್ರೈಲರಿನ ಫೋಟೋ ತೆಗೆಯುವುದಕ್ಕೆ. ಮುಂದೆ ಏನಾದರೂ ಆದರೆ, ಯಾವ ಗಾಯ ಹಳೆಯದು, ಯಾವುದು ಹೊಸದು ಎಂದು ತಿಳಿಯಬೇಕಲ್ಲ, ಅದಕ್ಕೆ. ಅಂದು ಬೆಳಿಗ್ಗೆಯೇ ಅತ್ತೆ ಪೂಜೆ ಮಾಡಿಸಿದ್ದರು. ಟ್ರೈಲರಿನ ಹಣೆಗೆ ಕುಂಕುಮ ಬಳಿದಿತ್ತು, ಕೊಂಡಿಯ ಮೇಲೆ ತೆಂಗಿನಕಾಯಿ ಒಡೆದಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

ಏಜೆಂಟರು ಮೊಣಕಾಲೂರಿ ಎಲ್ಲವನ್ನೂ ನೋಡಿದರು. "ಅಪಘಾತ ಆಗಲೇ ಆಗಿಹೋಯಿತೇ?"

ಆಗದಿರಲಿ ಎಂದು ಮಾಡಿದ್ದು ಎಂದೆ. ಅವರ ಪಟ್ಟಿಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಈ ಗಾಡಿಗೆ ಬೇರೆ ಕಡೆ ವಿಮೆ ಇದೆಯೇ? ಅತ್ತೆಗೆ ಹೇಳಿದೆ. ಅವರು ನಿಂಬೆಹಣ್ಣಿನ ಕಡೆ ನೋಡಿ, ಆಕಾಶದ ಕಡೆ ನೋಡಿ, "ಇದೆ. ಬಹಳ ಹಳೇ ಕಂಪನಿ," ಎಂದರು.

ಅನುವಾದ ಮಾಡಿದೆ. ಏಜೆಂಟರು "ಇಲ್ಲ" ಎಂದು ಬರೆದರು. ಹೊರಡುವಾಗ ಮತ್ತೊಮ್ಮೆ ಆ ನಿಂಬೆಹಣ್ಣನ್ನು ನೋಡಿ, ಬರೆದದ್ದನ್ನು ಹೊಡೆದುಹಾಕಿ, "ಖಚಿತವಿಲ್ಲ" ಎಂದು ತಿದ್ದಿದರು.

ಬರ್ರಿ, ಬರ್ರಿ

ಬೇಸಿಗೆಯೆಲ್ಲ ಓಡಾಡಿದೆವು. ಈರಿ, ಹ್ಯೂರಾನ್, ಒಂಟಾರಿಯೋ, ಮಿಷಿಗನ್, ನಾಲ್ಕು ಸೀಸೆ ತುಂಬಿದವು. ಅತ್ತೆ ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದರು. ಸೆಪ್ಟೆಂಬರಿನಲ್ಲಿ, ಇವರ ರಜೆಯ ಕೊನೆಯ ವಾರದಲ್ಲಿ, ಸುಪೀರಿಯರ್‌ಗೆ ಹೋದೆವು. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ಅತ್ತೆ ಐದನೆಯ ಸೀಸೆ ತುಂಬಿಕೊಂಡರು. ಅಂದು ರಾತ್ರಿ ಟ್ರೈಲರಿನಲ್ಲಿ ಪಾಯಸ ಮಾಡಿದರು.

ಹಿಂದಿರುಗುವಾಗ ಸುತ್ತು ದಾರಿ ಹಿಡಿದು ಷಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಸ್ನೇಹಿತರ ಮನೆಗೆ ಹೋದೆವು. ಧಾರವಾಡದ ಕಡೆಯ ಡಾಕ್ಟರು ಅವರು, ಬಂದವರನ್ನು ಊಟ ಹಾಕದೆ ಕಳಿಸಿದವರಲ್ಲ. ಇವರು ಟ್ರೈಲರನ್ನು ಹಿಮ್ಮುಖವಾಗಿ ಅವರ ಗ್ಯಾರೇಜಿನ ಮುಂದಿನ ಡ್ರೈವ್‌ವೇಗೆ ತೆಗೆದುಕೊಳ್ಳಬೇಕಿತ್ತು. ಕಾರಿನಲ್ಲಿ ಕೂತವರಿಗೆ ಟ್ರೈಲರಿನ ಹಿಂದೆ ಏನಿದೆ ಎಂಬುದು ಕಾಣುವುದಿಲ್ಲ, ಯಾರಾದರೂ ನಿಂತು ಹೇಳಬೇಕು. ಡಾಕ್ಟರು ಗ್ಯಾರೇಜಿನ ಪಕ್ಕ ನಿಂತು ಎರಡೂ ಕೈ ಚಾಚಿ ಕರೆದರು. "ಬರ್ರಿ, ಬರ್ರಿ. ಇನ್ನೂ ಬರ್ರಿ. ಆರಾಮ ಬರ್ರಿ."

ಇವರು ಬಂದರು, ಬಂದರು, ಗ್ಯಾರೇಜಿನ ಬಾಗಿಲಿಗೇ ಬಂದರು. ಬ್ರೇಕಿನ ಎಂಜಿನಿಯರ್ ಬ್ರೇಕ್ ಒತ್ತಿದ್ದು ಸದ್ದು ಕೇಳಿದ ಮೇಲೆ.

ಟ್ರೈಲರಿನ ಒಳಗೆ ಬೀರುವಿನ ಬಾಗಿಲು ತೆರೆದುಕೊಂಡು ಒಂದೇ ಒಂದು ಸೀಸೆ ಉರುಳಿ ಬಿದ್ದು ಒಡೆದಿತ್ತು. ಚೀಟಿ ನೋಡಿದೆ. ಸುಪೀರಿಯರ್. ಅತ್ತೆ ನೆಲದ ಮೇಲಿದ್ದ ನೀರಿಗೆ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡು, ಬಟ್ಟೆ ತಂದು ಒರೆಸಿದರು. ಇವರ ಮುಖ ನೋಡಲು ನನಗೆ ಆಗಲಿಲ್ಲ. ರಜೆ ಮುಗಿದಿತ್ತು, ಟಿಕೆಟ್ಟಿಗೆ ಎರಡು ವಾರವಿತ್ತು.

"ಬಾಗಿಲು ಹತ್ತಿರ ಬಂತು ಅಂತ ಗೊತ್ತಾಗಲಿಲ್ವಾ?" ಎಂದು ನಾನು ಡಾಕ್ಟರನ್ನು ಕೇಳಿದೆ.

"ಗೊತ್ತಾತ್ರಿ," ಎಂದರು ಅವರು, ಪಾಪ, ಅಳುವ ದನಿಯಲ್ಲಿ. "ಆದ್ರ ಮನಿಗೆ ಬರೋ ಮಂದಿಗೆ ನಿಲ್ರಿ ಅಂತ ಹ್ಯಾಂಗ ಅನ್ಲಿರಿ? ಬಾಯಾಗ ಬರ್ಲೇ ಇಲ್ಲ."

ಐದರಲ್ಲಿ ನಾಲ್ಕು

ಮೂರನೆಯ ಸಲ ಏಜೆಂಟರು ನಷ್ಟ ಬರೆದುಕೊಳ್ಳಲು ಬಂದರು. ಡಾಕ್ಟರ ಗ್ಯಾರೇಜಿನ ಬಾಗಿಲಿಗೆ ಮೊದಲನೆಯ ವಿಮೆ ಇತ್ತು. ಟ್ರೈಲರಿನ ನೆಗ್ಗಿಗೆ ಎರಡನೆಯದು ಇತ್ತು.

"ಒಳಗೆ ಏನಾದರೂ ಹೋಯಿತೇ?"

"ಒಂದು ಸೀಸೆ," ಎಂದರು ಇವರು.

"ಸೀಸೆಯಲ್ಲಿ ಏನಿತ್ತು?"

ಇವರು ತಲೆ ತಗ್ಗಿಸಿದರು. "ಲೇಕ್ ಸುಪೀರಿಯರ್."

ಏಜೆಂಟರು ಪೆನ್ನು ಕೆಳಗಿಟ್ಟರು. "ಪೂರ್ತಿಯೇ?"

ಆಗ ನಾನು ಮಾವನ ಬೆತ್ತ, ಗೋಡೆಯ ಮ್ಯಾಪು, ಐದು ಸೀಸೆ ಎಲ್ಲವನ್ನೂ ಹೇಳಿದೆ. ಅವರು ಹ್ಯಾಟನ್ನು ತಿರುಗಿಸುತ್ತ ಕೇಳಿದರು. ಮೂರನೆಯ ವಿಮೆ ಬೇಡವೆಂದ ಗುರುತು ಅವರ ಕಾಗದದಲ್ಲಿ ಎಲ್ಲರಿಗೂ ಕಾಣುವಂತಿತ್ತು.

"ತಪ್ಪು ನಂದೇ ಅಮ್ಮ," ಎಂದರು ಇವರು. "ಅವತ್ತು ಬೇಡ ಅಂದವನು ನಾನು. ಸುತ್ತಿ ಸರಿಯಾಗಿ ಇಡದವನೂ ನಾನೇ."

ಅತ್ತೆ ಮಗನ ಬೆನ್ನಿನ ಮೇಲೆ ಕೈ ಇಟ್ಟರು. "ಹೋಗಲಿ ಬಿಡೋ. ನಾಲ್ಕಿದೆಯಲ್ಲ. ನಿಮ್ಮಪ್ಪ ಐದರಲ್ಲಿ ನಾಲ್ಕು ಹೇಳಿದವರನ್ನೂ ಪಾಸ್ ಮಾಡ್ತಿದ್ರು."

ರುಚಿ

ಅತ್ತೆ ಹೊರಡಲು ಮೂರು ದಿನವಿತ್ತು. ನಾನು ಅವರ ಪೆಟ್ಟಿಗೆ ಕಟ್ಟುತ್ತಿದ್ದೆ. ನಾಲ್ಕು ಸೀಸೆಗಳನ್ನು ಸೀರೆಗಳ ನಡುವೆ ಇಟ್ಟಾಗಿತ್ತು. ಬಾಗಿಲ ಗಂಟೆ ಸದ್ದಾಯಿತು. ಹ್ಯಾಟು ಕಂಕುಳಲ್ಲಿ, ಕೈಯಲ್ಲಿ ಅತ್ತೆ ಕೊಟ್ಟಿದ್ದ ಉಪ್ಪಿನಕಾಯಿ ಬಾಟಲಿ, ಏಜೆಂಟರು ನಿಂತಿದ್ದರು. ಬಾಟಲಿಯ ತುಂಬ ನೀರಿತ್ತು.

ಪ್ರತಿ ವರ್ಷ ಎಲೆ ಬಣ್ಣ ತಿರುಗುವ ಹೊತ್ತಿಗೆ ಗಂಡ ಹೆಂಡತಿ ಉತ್ತರದಲ್ಲಿರುವ ಆಕೆಯ ಅಣ್ಣನ ಮನೆಗೆ ಹೋಗುತ್ತಾರಂತೆ. ಆ ಮನೆ ಇರುವುದು ಸುಪೀರಿಯರ್‌ನ ದಡದಲ್ಲಿ. ಈ ಸಲ ಒಂದು ವಾರ ಮೊದಲೇ ಹೋದರಂತೆ. ವಿಮೆಯಲ್ಲಿ ಇದಕ್ಕೆ ಅವಕಾಶವಿಲ್ಲ, ಇದು ಕಂಪನಿಯ ಕಡೆಯಿಂದಲ್ಲ ಎಂದು ಅವರು ಎರಡೆರಡು ಸಲ ಸ್ಪಷ್ಟಪಡಿಸಿದರು. ಆಮೇಲೆ ನನಗೆ, "ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದಿದ್ದಿರಲ್ಲ," ಎಂದರು.

ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಇವರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಅತ್ತೆ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು, ಏಜೆಂಟರಿಗೆ ಕೈ ಮುಗಿದರು. ನಂತರ ಮುಚ್ಚಳ ತೆಗೆದು, ತೀರ್ಥದ ಹಾಗೆ ಅಂಗೈಗೆ ಒಂದಿಷ್ಟು ಹಾಕಿಕೊಂಡು ಬಾಯಿಗೆ ಬಿಟ್ಟುಕೊಂಡರು. ಏಜೆಂಟರ ಹೆಂಡತಿ ಎಷ್ಟು ತೊಳೆದಿದ್ದರೂ ಎಂಟು ವರ್ಷದ ನಿಂಬೆಕಾಯಿ ಬಾಟಲಿ ಬಿಟ್ಟು ಹೋಗಿರಲಿಲ್ಲ ಎಂದು ಕಾಣುತ್ತದೆ.

ಅತ್ತೆ ನಾಲಗೆ ಚಪ್ಪರಿಸಿದರು. "ಈ ಸರೋವರಕ್ಕೆ ಉಪ್ಪು ಹುಳಿ ಎರಡೂ ಇದೆ."

"ಅಮ್ಮ, ಅದು ಸಿಹಿನೀರಿನ ಸರೋವರ," ಎಂದರು ಇವರು, ಕಣ್ಣೊರೆಸಿಕೊಳ್ಳುತ್ತ. "ಅಪ್ಪ ಕ್ಲಾಸಿನಲ್ಲಿ ಹಾಗೇ ತಾನೇ ಹೇಳ್ತಿದ್ದಿದ್ದು?"

ಅತ್ತೆ ಮುಚ್ಚಳ ಬಿಗಿ ಮಾಡಿದರು. "ನಿಮ್ಮಪ್ಪ ಬರೀ ಮ್ಯಾಪ್ ನೋಡಿದವರು ಕಣೋ. ನಾನು ರುಚಿ ನೋಡಿದೀನಿ."