ಮಡಿಲಿಗೆ ಬೀಜದ ಬಾಳೆ

ಆವತ್ತು ಯಜ್ಞೇಶ ಬಾಯಿ ಮುಚ್ಚಿಕೊಂಡಿದ್ದರೆ ಅವನ ನಿಶ್ಚಿತಾರ್ಥ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಕೊಪ್ಪದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಈ ಪುಣ್ಯಾತ್ಮನಿಗೆ ಗೊತ್ತಿದ್ದದ್ದು ಪಾಠ ಮಾತ್ರ.

ಬಸರೀಕಟ್ಟೆಯ ಹುಡುಗಿ ಅರ್ಪಣಾಳ ಮನೆಯಲ್ಲಿ ಅವಳ ಮಡಿಲು ತುಂಬಲು ಅವನ ಸೋದರತ್ತೆ ಕಮಲ ತೆಂಗಿನಕಾಯಿ, ಬಾಳೆಹಣ್ಣು ಜೋಡಿಸುತ್ತಿದ್ದಳು. ಹುಡುಗಿಯ ಅಜ್ಜಿ ಪ್ರೀತಿಯಿಂದಲೇ ಕೇಳಿದರು. "ಕಾಲೇಜಲ್ಲಿ ಎಂತ ಹೇಳಿಕೊಡ್ತೀರಿ?"

ಯಜ್ಞೇಶ ಒಂದು ಹಣ್ಣು ಎತ್ತಿಕೊಂಡ. "ನಮ್ಮ ಜೀವಕೋಶದಲ್ಲಿ ವರ್ಣತಂತುಗಳ ಎರಡು ಸೆಟ್ ಇರ್ತದೆ ಅಜ್ಜಿ, ಅಪ್ಪಂದೊಂದು, ಅಮ್ಮಂದೊಂದು. ಇದಕ್ಕೆ ಮೂರು. ಮೂರನ್ನ ಸಮ ಪಾಲು ಮಾಡೂಕಾಗಲ್ಲ. ಅದಕ್ಕೇ ಬೀಜ ಕಟ್ಟಲ್ಲ. ಬಂಜೆ ಹಣ್ಣು."

ಕಮಲತ್ತೆ ತಲೆ ಚಚ್ಚಿಕೊಂಡಳು.

"ಬಂಜೆ ಹಣ್ಣನ್ನ ನಮ್ಮ ಕೂಸಿನ ಮಡಿಲಿಗೆ ಹಾಕೂದಾ?" ಅಜ್ಜಿಯ ಮುಖ ಕಪ್ಪಿಟ್ಟಿತು.

"ಸೆಟ್ ಹೆಚ್ಚಾಗೂದು ಕೆಟ್ಟದ್ದಲ್ಲ ಅಜ್ಜಿ. ಎಷ್ಟೋ ಗಿಡ ಸೆಟ್ ದುಪ್ಪಟ್ಟಾಗಿಯೇ ಹೊಸ ಪ್ರಭೇದ ಆಗಿವೆ. ಆಮೇಲೆ ಹಳೇ ಬಳಗದ ಜೊತೆ ಅವಕ್ಕೆ ಸಂತಾನ ಬೆಳೆಯೂದು ಕಷ್ಟ, ಅಷ್ಟೇ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸಂಜೆಯೊಳಗೆ ಬೀಜವಿರುವ ಬಾಳೆಹಣ್ಣು ಬರಬೇಕು, ಇಲ್ಲವಾದರೆ ನಿಶ್ಚಯವಿಲ್ಲ ಎಂದು ಅಜ್ಜಿ ತೀರ್ಪು ಕೊಟ್ಟರು. ಅರ್ಪಣಾಳನ್ನು ಮನಸಾರೆ ಮೆಚ್ಚಿಕೊಂಡಿದ್ದ ಯಜ್ಞೇಶ ಎದ್ದು ನಿಂತ.

"ನಿಶ್ಚಯದ ದಿನ ಕೆರೆಕಟ್ಟೆ ಕಾಡಿಗೆ ಎಂತಕ್ಕೆ ಮಾರಾಯ್ರೆ?" ಜೀಪಿನ ಜಟ್ಟಪ್ಪ ಕೇಳಿದ.

"ಬಾಳೆಹಣ್ಣಿಗೆ."

"ಪೇಟೇಲಿ ಸಿಗಲ್ವಾ?"

"ಅದಕ್ಕೆ ಮೂರು ಸೆಟ್."

ಜಟ್ಟಪ್ಪ ಅವನನ್ನು ಒಮ್ಮೆ ನೋಡಿ, ಜೀಪಿನ ಗೇರು ಬದಲಿಸಿದ.

ಬಂಡೆಗಳ ನಡುವೆ ತಾನಾಗಿ ಬೆಳೆಯುವ ಕಲ್ಲುಬಾಳೆ ಸಿಕ್ಕಿತು. ಎರಡೇ ಸೆಟ್‌ನ ಅಪ್ಪಟ ಕಾಡುಬಾಳೆ. ಗೊನೆ ಕಡಿಯುವಾಗ ಯಜ್ಞೇಶ ಜಾರಿಬಿದ್ದ. ರೇಷ್ಮೆ ಪಂಚೆ ಹರಿಯಿತು, ಕಾಲ ತುಂಬ ಇಂಬಳ ಕಚ್ಚಿ ರಕ್ತ ಹೀರಿದವು. ಆದರೂ ಸಂಜೆಯೊಳಗೆ ಗೊನೆ ತಂದು ಅಜ್ಜಿಯ ಮುಂದಿಟ್ಟ.

ಅಜ್ಜಿ ಒಂದು ಹಣ್ಣು ಸುಲಿದು ಮುರಿದರು. ತಿರುಳಿಗಿಂತ ಬೀಜವೇ ಹೆಚ್ಚು. ಕರಿಮೆಣಸು ತುಂಬಿಟ್ಟ ಹಾಗೆ ಕಪ್ಪಗೆ, ಗಟ್ಟಿಯಾಗಿ, ಒತ್ತೊತ್ತಾಗಿ ಕೂತಿದ್ದವು. ಅಜ್ಜಿಯ ಮುಖ ಅರಳಿತು.

ಆಗ ಅರ್ಪಣಾ ಮೊದಲ ಸಲ ಬಾಯಿ ಬಿಟ್ಟಳು. "ಅಜ್ಜಿ, ಇಷ್ಟು ಮಕ್ಕಳು ನನ್ನ ಕೈಲಾಗಲ್ಲ. ಬೀಜ ಇಲ್ದಿದ್ರೂ ಬಾಳೆ ಬುಡದಲ್ಲಿ ಒಂದೆರಡು ಕಂದು ಬರ್ತದಲ್ಲ, ನಂಗೆ ಅಷ್ಟು ಸಾಕು. ಮೂರು ಸೆಟ್‌ನದ್ದೇ ಹಾಕಿ."

ಹೌದಲ್ಲ ಎಂದು ಅಜ್ಜಿಯೂ ಸೇರಿ ಮನೆಯವರೆಲ್ಲ ತಲೆದೂಗಿದರು. ಯಜ್ಞೇಶನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಬೆಳಿಗ್ಗೆ ತಂದ ಹಣ್ಣು ಎಲ್ಲಿ?"

ಕಮಲತ್ತೆ ಬಾಯಿ ಒರೆಸಿಕೊಂಡಳು. "ಇನ್ನು ಬೇಡ ಅಂತ ನಾವೆಲ್ಲ ತಿಂದ್ವಲ್ಲೋ ಮಾಣಿ."

ಅಂಗಳದಲ್ಲಿ ಜಟ್ಟಪ್ಪ, ಯಾರೂ ಹೇಳದೆಯೇ, ಜೀಪನ್ನು ಕೊಪ್ಪದ ಪೇಟೆಯ ಕಡೆಗೆ ತಿರುಗಿಸತೊಡಗಿದ.