ಎರಡೂ ಕಡೆ ಮುಂದಿರುವ ರೈಲು

ನಗರ ರೈಲು ನಿಗಮದ ರೈಲುಗಳು ಹಿಂದಕ್ಕೆ ಹೋಗುವುದಿಲ್ಲ. ಇದು ನಿಗಮದ ಆಡಳಿತ ಮಂಡಳಿ ಸರ್ವಾನುಮತದಿಂದ ಕೈಗೊಂಡ ತೀರ್ಮಾನ. ಆದಕಾರಣ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆಸ್ಪತ್ರೆಗೆ ಹೋಗುವ ಏರಿನಲ್ಲಿ ಮಾತ್ರ, ಸಿಗ್ನಲ್ಲಿಗೆ ನಿಂತ ರೈಲು ಮತ್ತೆ ಹೊರಡುವಾಗ ಒಂದಿಷ್ಟು ದೂರ ಹಿಂದಕ್ಕೆ ಜಾರುತ್ತಿತ್ತು. ತೀರ್ಮಾನ ಆದಮೇಲೂ ಜಾರಿತೆಂದರೆ ತಪ್ಪು ರೈಲಿನದಲ್ಲ, ತೀರ್ಮಾನದ್ದಂತೂ ಅಲ್ಲವೇ ಅಲ್ಲ. ಇನ್ನು ಉಳಿದವಳು ಚಾಲಕಿ.

ಹಾಗಾಗಿ ಆಕೆಗೆ ಎರಡು ಮೆಮೊ ಬಂದಿದ್ದವು. ಮೂರನೆಯದು ಬಂದರೆ ಕೆಲಸಕ್ಕೆ ಎಳ್ಳುನೀರು. ರೈಲೇ ಓಡಿಸುತ್ತೇನೆಂದು ಚಿಕ್ಕಂದಿನಿಂದ ಹಟ ಹಿಡಿದು, ಅಪ್ಪನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟು ಗಿಟ್ಟಿಸಿಕೊಂಡ ಕೆಲಸ ಅದು. ಈಗ ಏರು ಕಣ್ಣಿಗೆ ಬಿದ್ದರೆ ಸಾಕು, ಆಕೆ ಬಂದ ಮೆಮೊಗಳನ್ನು ಮತ್ತೆ ಎಣಿಸತೊಡಗುತ್ತಿದ್ದಳು. ಕೊನೆಗೆ ಧೈರ್ಯ ಮಾಡಿ ಸುರಕ್ಷತಾ ವಿಭಾಗದ ಮುಖ್ಯಸ್ಥರ ಕೋಣೆಗೇ ಹೋದಳು.

“ಸರ್, ಮೋಟಾರು ಎಳೆಯೋಕೆ ಶುರು ಮಾಡೋ ಮೊದಲೇ ಬ್ರೇಕು ಬಿಟ್ಕೊಂಡುಬಿಡುತ್ತೆ. ಅದನ್ನ ಸರಿಮಾಡಿಸಿದ್ರೆ ಮುಗೀತಲ್ವಾ?”

ಮುಖ್ಯಸ್ಥರು ಒಳ್ಳೆಯ ಮನುಷ್ಯ. ಅವಳಿಗೂ ಒಂದು ಟೀ ಹೇಳಿದರು.

“ಅದು ನಮಗೆಲ್ಲ ಗೊತ್ತಿರೋದೇ ಕಣಮ್ಮ. ಅರ್ಧ ದಿನದ ಕೆಲಸ. ಆದ್ರೆ ಇವತ್ತು ಸರಿಮಾಡಿಸಿದ್ರೆ ನಿನ್ನೆವರೆಗೂ ಕೆಟ್ಟಿತ್ತು ಅಂತ ನಾವೇ ಬಾಯಿಬಿಟ್ಟ ಹಾಗಾಗುತ್ತೆ. ಹಾಗಂತ ನಿನ್ನ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ? ಏನಾದ್ರೂ ಮಾಡೋಣ.”

ಮಾಡಿದರು. ವಾರ ಕಳೆಯುವುದರೊಳಗೆ ಸುತ್ತೋಲೆ ಹೊರಬಿತ್ತು:

“ಚಾಲಕರು ಕುಳಿತಿರುವ ತುದಿಯೇ ರೈಲಿನ ಮುಂಭಾಗವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಎರಡೂ ತುದಿಗಳಲ್ಲಿ ಒಬ್ಬೊಬ್ಬ ಚಾಲಕರು ಇರತಕ್ಕದ್ದು. ರೈಲು ಯಾವ ಕಡೆಗೆ ಚಲಿಸಿದರೂ ಮುಂದಕ್ಕೇ ಚಲಿಸಿತೆಂದು ಭಾವಿಸತಕ್ಕದ್ದು.”

ಇನ್ನೊಂದು ತುದಿಗೆ ಆಕೆಯ ಗಂಡನನ್ನೇ ಹಾಕಿದರು. ಪಾಪ, ಡಿಪೋದಲ್ಲಿ ಖಾಲಿ ಬೋಗಿಗಳನ್ನು ತೊಳೆಯುವ ಜಾಗಕ್ಕೆ ಒಯ್ದು ನಿಲ್ಲಿಸಿಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ. ಅವನು ಬಂದ ಮೊದಲ ದಿನವೇ ರೈಲು ಏರಿನಲ್ಲಿ ಎಂದಿನಂತೆ ಜಾರಿತು. ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು: “ಪ್ರಯಾಣಿಕರ ಗಮನಕ್ಕೆ. ರೈಲು ಈಗ ಇನ್ನೊಂದು ಮುಂದಕ್ಕೆ ಚಲಿಸುತ್ತಿದೆ.” ಪ್ರಯಾಣಿಕರು ತಲೆಯಾಡಿಸಿ ಕೂತಲ್ಲೇ ಕೂತರು. ಮೆಮೊ ಬರಲಿಲ್ಲ. ಎಷ್ಟೋ ದಿನದ ಮೇಲೆ ಚಾಲಕಿಗೆ ತುತ್ತು ಗಂಟಲಲ್ಲಿ ಇಳಿಯಿತು.

ಆ ನೆಮ್ಮದಿಗೆ ಯಾರ ಕಣ್ಣು ಬಿತ್ತೋ, ಒಂದು ಬೆಳಿಗ್ಗೆ ತಪಾಸಣಾಧಿಕಾರಿ ಬಂದು ಗಂಡನ ಪಕ್ಕದಲ್ಲಿ ಕೂತರು. ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ; ಸ್ವಂತ ಮದುವೆಗೂ ರಜೆ ಮಂಜೂರಾದ ಮೇಲೇ ಹೋದವರು. ರೈಲು ಹೊರಟಿತು. ಅವರು ಕಿಟಕಿಯಾಚೆ ನೋಡಿ ಹುಬ್ಬು ಗಂಟಿಕ್ಕಿದರು.

“ಏನ್ರೀ, ರೈಲು ಹಿಂದಕ್ಕೆ ಹೋಗ್ತಾ ಇದೆ.”

“ಇಲ್ಲ ಸಾರ್. ಆ ತುದಿಯಲ್ಲಿ ನನ್ನ ಹೆಂಡತಿ ಮುಂದಕ್ಕೆ ಓಡಿಸ್ತಾ ಇದ್ದಾಳೆ.”

“ಹೆಂಡತಿ ವಿಷಯ ಮನೇಲಿ ಇಟ್ಕೊಳ್ಳಿ. ಇಲ್ಲಿ ಚಾಲಕರು ನೀವು ತಾನೆ?”

“ಹೌದು ಸಾರ್.”

“ಹಾಗಾದ್ರೆ ಇದೇ ಮುಂಭಾಗ. ಈ ಕಡೆಗೆ ಹೋಗ್ತಾ ಇದೆಯಾ?”

“ಇಲ್ಲ ಸಾರ್.”

“ಮತ್ತೆ?”

ತಪಾಸಣಾಧಿಕಾರಿ ಮೆಮೊ ಪುಸ್ತಕ ತೆಗೆದರು. ಮಧ್ಯಾಹ್ನದೊಳಗೆ ಅವನ ಕೈಯಲ್ಲೂ ಎರಡು ಮೆಮೊ ಇದ್ದವು. ಮೂರನೆಯದನ್ನು ತಪಾಸಣಾಧಿಕಾರಿ ಮಾನವೀಯತೆಯ ದೃಷ್ಟಿಯಿಂದ ಮರುದಿನಕ್ಕೆ ಮುಂದೂಡಿದರು. ಜೊತೆಗೆ, ಇಬ್ಬರಲ್ಲಿ ಯಾರ ಬೆನ್ನಿನ ಕಡೆಗೆ ರೈಲು ಚಲಿಸಿದರೂ ಅದು ಅವರವರ ತಪ್ಪೇ ಎಂದು ಸುತ್ತೋಲೆಗೊಂದು ತಿದ್ದುಪಡಿಯನ್ನೂ ಹೊರಡಿಸಿದರು.

ಸಂಜೆ ಅಡುಗೆಮನೆಯಲ್ಲಿ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತಿದ್ದ.

“ರೀ, ನಾಳೆ ನಾನು ಮುಂದಕ್ಕೆ ಹೋದ್ರೆ ನಿಮ್ಮ ಕೆಲಸ ಹೋಗುತ್ತೆ.”

“ಜಾರಿದ್ರೆ ನಿಂದು ಹೋಗುತ್ತೆ.”

“ಒಬ್ಬರದಾದ್ರೂ ಉಳೀಲಿ ಬಿಡಿ. ಇಷ್ಟು ವರ್ಷ ಓಡಿಸಿದ್ದು ಸಾಕು ನನಗೆ.”

“ಸಾಕು ಅನ್ನೋವ್ಳ ಮುಖಾನಾ ಇದು?” ಎಂದ ಗಂಡ. ಅವಳ ಕೈಯಿಂದ ಚಾಕು ತೆಗೆದುಕೊಂಡು ಉಳಿದ ಈರುಳ್ಳಿಯನ್ನು ತಾನೇ ಹೆಚ್ಚಿದ.

ಮರುದಿನ ಆಸ್ಪತ್ರೆ ದಿಬ್ಬದ ಬುಡದ ನಿಲ್ದಾಣದಲ್ಲಿ ಜನ ಹತ್ತಿದರು, ಬಾಗಿಲು ಮುಚ್ಚಿತು, ಹಸಿರು ದೀಪ ಬಂತು. ಚಾಲಕಿ ಬ್ರೇಕು ಹಾಕಿ ಕೈಕಟ್ಟಿ ಕೂತುಬಿಟ್ಟಳು. ಮುಂದಕ್ಕೆ ಹೋಗಿ ಗಂಡನ ಅನ್ನ ಕಿತ್ತುಕೊಳ್ಳಲು ಮನಸ್ಸು ಒಪ್ಪಲಿಲ್ಲ, ತನ್ನದನ್ನು ಬಿಡಲೂ ಒಪ್ಪಲಿಲ್ಲ. ಸುದ್ದಿ ಕೇಳಿ ಮುಖ್ಯಸ್ಥರೂ ತಪಾಸಣಾಧಿಕಾರಿಯೂ ಏದುಸಿರು ಬಿಡುತ್ತಾ ಓಡಿಬಂದರು. ನನ್ನ ಕಥೆ ಮುಗಿಯಿತು ಎಂದುಕೊಂಡು ಆಕೆ ಎದ್ದು ನಿಂತಳು.

ಅವರಿಬ್ಬರೂ ರೈಲನ್ನು ಆ ತುದಿಯಿಂದ ನೋಡಿದರು, ಈ ತುದಿಯಿಂದ ನೋಡಿದರು. ಯಾವ ತುದಿಯಿಂದ ನೋಡಿದರೂ ಅದು ಹಿಂದಕ್ಕೆ ಹೋಗುತ್ತಿರಲಿಲ್ಲ.

“ಇಷ್ಟು ದಿನ ಇದು ನಮಗ್ಯಾಕೆ ಹೊಳೀಲಿಲ್ಲ?” ಎಂದರು ಮುಖ್ಯಸ್ಥರು. ಚಾಲಕಿಯ ಕೈಯನ್ನು ಎರಡೂ ಕೈಗಳಿಂದ ಕುಲುಕಿದರು.

ಅಂದಿನಿಂದ ಸೇವೆ ಸುಸೂತ್ರವಾಗಿ ನಡೆದಿದೆ. ಪ್ರಯಾಣಿಕರು ಟಿಕೆಟ್ಟು ಕೊಂಡು ಹತ್ತುತ್ತಾರೆ, ಮುಂದಿನ ನಿಲ್ದಾಣದ ಘೋಷಣೆ ಆಗುವವರೆಗೆ ಕೂರುತ್ತಾರೆ, ಆಮೇಲೆ ಎದುರಿನ ಬಾಗಿಲಿನಿಂದ ಇಳಿದು ದಿಬ್ಬ ಹತ್ತುತ್ತಾರೆ. ರೈಲಿನಲ್ಲಿ ಕೂರದೆ ನೇರವಾಗಿ ನಡೆದುಹೋಗುವವರಿಗೆ ದಂಡವಿದೆ. ಗಂಡ ಹೆಂಡತಿ ಇಬ್ಬರಿಗೂ ಶಾಲು ಹೊದಿಸಿ ಸುರಕ್ಷತಾ ಪ್ರಶಸ್ತಿ ಕೊಟ್ಟರು. ಕೆಲಸ ಗಟ್ಟಿಯಾಯಿತು. ಅವಳು ದಿನವೂ ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಹೋಗುತ್ತಾಳೆ, ಬೇಸರ ತಡೆಯದಾದಾಗ ಹಾರ್ನ್ ಮಾಡುತ್ತಾಳೆ.

ಮೊನ್ನೆ ಎಕ್ಸ್‌ರೇ ಲಕೋಟೆ ಹಿಡಿದುಕೊಂಡ ಅಜ್ಜಿಯೊಬ್ಬರು ಚಾಲಕಿಯ ಕಿಟಕಿಯ ಹತ್ತಿರ ಬಂದು ನಿಂತರು.

“ಇದು ಯಾವಾಗ ಹೊರಡುತ್ತಮ್ಮ?”

ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಹೊರಡಲ್ಲ ಅಜ್ಜಿ.”

“ಹಿಂದಕ್ಕೆ?”

“ಹಿಂದಕ್ಕೂ ಹೋಗಲ್ಲ.”

“ಹೋಗ್ಲಿ ಬಿಡು. ಮೊದಲು ಜಾರೋವಾಗ ಜೀವ ಬಾಯಿಗೆ ಬರ್ತಿತ್ತು. ಈಗ ಎಷ್ಟೋ ವಾಸಿ,” ಎಂದ ಅಜ್ಜಿ, ಟಿಕೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದರು.