ಇದ್ದ ಅಂಗಡಿಯ ಮೇಲೆ ಇಲ್ಲದ ಬೇಕರಿ

ಕನ್ನಡಕದಣ್ಣ: ಸ್ವಾಮೀ, ಬೇರೆ ಮಾತೆಲ್ಲ ಆಮೇಲೆ. ನಾನು ಇದ್ದೀನೋ ಇಲ್ವೋ, ಮೊದಲು ಅದನ್ನ ಹೇಳಿ.

ಅಧಿಕಾರಿ: ಇದ್ದೀರಿ ಯಜಮಾನ್ರೇ. ನೀವು ಇಲ್ಲ ಅಂತ ಯಾರು ಹೇಳಿದ್ರು? ನಿಮ್ಮ ಅಂಗಡಿ ಇಲ್ಲ, ಅಷ್ಟೇ.

ಕನ್ನಡಕದಣ್ಣ: ಅಂಗಡಿ ಇಲ್ದೆ ಈಗ ನೀವು ಎಲ್ಲಿ ಕೂತಿದ್ದೀರಿ?

ಅಧಿಕಾರಿ: ಖಾಲಿ ಮಳಿಗೇಲಿ.

ಆ ಖಾಲಿ ಮಳಿಗೆಯ ಎರಡು ಗೋಡೆ ತುಂಬ ಕನ್ನಡಕದ ಫ್ರೇಮುಗಳಿದ್ದವು. ಮೂರನೆಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಪಟವಿತ್ತು. ಮೇಜಿನ ಹಿಂದೆ, ತಲೆ ನರೆಯುವವರೆಗೂ ಅದೇ ಕುರ್ಚಿಯಲ್ಲಿ ಕೂತು ಬಂದ ಒಬ್ಬ ಮನುಷ್ಯನಿದ್ದ. ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಎನ್ನುತ್ತಾರೆ. ಹಾಡುಹಗಲಿನಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು, ಯಾಕೆಂದರೆ ಹಿಂದಿನ ದಿನ ನಗರ ಪುನಶ್ಚೇತನ ಮಂಡಳಿಯವರು ಬಂದು ಅಂಗಡಿಯ ಮುಂದಿನ ಗಾಜು, ಬಾಗಿಲು, ಬೋರ್ಡು ಎಲ್ಲವನ್ನೂ ಮುಚ್ಚಿ ಒಂದು ಭಾರಿ ಚಿತ್ರ ಅಂಟಿಸಿ ಹೋಗಿದ್ದರು. ಚಿತ್ರದಲ್ಲಿ ಒಂದು ಬೇಕರಿ ಇತ್ತು. ತಟ್ಟೆ ತುಂಬ ಬನ್ನು, ಬಾಗಿಲಲ್ಲಿ ನಗುತ್ತಿರುವ ಹೆಂಗಸು. ಬೀದಿ ಸೊರಗಿದೆ, ಅರ್ಧಕ್ಕರ್ಧ ಅಂಗಡಿ ಮುಚ್ಚುವ ಹಂತಕ್ಕೆ ಬಂದಿದೆ, ಖಾಲಿ ಮಳಿಗೆಗಳ ಮೇಲೆ ತುಂಬಿದ ಅಂಗಡಿಗಳ ಚಿತ್ರ ಹಚ್ಚಿದರೆ ಜೀವ ಬಂದಂತೆ ಕಾಣುತ್ತದೆ ಎಂಬುದು ಮಂಡಳಿಯ ದೊಡ್ಡ ತಲೆಗಳು ಸೇರಿ ಮಾಡಿದ ಯೋಚನೆ.

ಮುಂಬಾಗಿಲು ಹೀಗೆ ಬೇಕರಿಯ ಪಾಲಾದ್ದರಿಂದ ಕನ್ನಡಕದಣ್ಣ ಅಂಗಡಿಯ ಹಿಂದೆಯೇ ಇರುವ ತನ್ನ ಮನೆಯ ಅಡುಗೆಮನೆಯಿಂದ ಅಂಗಡಿಗೆ ಬಂದಿದ್ದ. ದೂರು ಕೇಳಲು ಬಂದ ಅಧಿಕಾರಿಯೂ ಅದೇ ದಾರಿಯಲ್ಲಿ, ಒಲೆಯ ಪಕ್ಕ ಸೊಂಟ ಓರೆ ಮಾಡಿಕೊಂಡು ನುಸುಳಿ ಬಂದಿದ್ದರು.

ಕನ್ನಡಕದಣ್ಣ: ಖಾಲಿ ಅಂತ ಬರೆದ ಆ ಮಹಾನುಭಾವ ಯಾರು ಸ್ವಾಮಿ? ಕಣ್ಣು ಕಾಣಲ್ವಾ ಅವನಿಗೆ? ಕಾಣದಿದ್ರೆ ಒಳಗೆ ಬರಬಹುದಿತ್ತಲ್ಲ, ಅದಕ್ಕೇ ತಾನೇ ನಾನು ಅಂಗಡಿ ಇಟ್ಟಿರೋದು!

ಅಧಿಕಾರಿ: ಬಂದಿದ್ರು ಯಜಮಾನ್ರೇ. ಹೋದ ವಾರ ಒಂದು ಮಧ್ಯಾಹ್ನ ಬಂದಿದ್ರು. ಶಟರ್ ಅರ್ಧ ಇಳಿದಿತ್ತು. ಬಡಿದ್ರು, ಕೂಗಿದ್ರು, ಬಗ್ಗಿಯೂ ನೋಡಿದ್ರು. ಜೀವದ ಲಕ್ಷಣ ಏನೂ ಕಾಣಲಿಲ್ಲ ಅಂತ ವರದಿ ಕೊಟ್ಟಿದ್ದಾರೆ.

ಹೆಂಡತಿ (ಅಡುಗೆಮನೆಯಿಂದ): ಸರಿಯಾಗೇ ನೋಡಿದ್ದಾರೆ! ಮದುವೆಯಾದಾಗಿಂದ ನಾನೂ ಇದನ್ನೇ ಹೇಳ್ತಿದ್ದೀನಿ. ನನ್ನ ಮಾತನ್ನ ಯಾರೂ ಬರ್ಕೊಳ್ಳಲಿಲ್ಲ.

ಕನ್ನಡಕದಣ್ಣ: ಲೇ, ನೀನು ಸುಮ್ನಿರೇ! ಊಟ ಆದ್ಮೇಲೆ ಒಂಚೂರು ಕಣ್ಣು ಮುಚ್ಚಿದ್ದೆ ಸ್ವಾಮಿ. ಕೋಳಿನಿದ್ದೆ.

ಹೆಂಡತಿ: ಒಂದೂವರೆಗೆ ಮಲಗಿ ಸಂಜೆ ಕಾಫಿಗೆ ಏಳೋ ಕೋಳೀನ ನಾನಂತೂ ಎಲ್ಲೂ ನೋಡಿಲ್ಲ. ನಿನ್ನೆ ಇವರ ಕಡೆಯವರು ಏಣಿ ಹಾಕಿ, ಧಡಬಡ ಅಂತ ಚಿತ್ರ ಅಂಟಿಸಿ ಹೋಗೋವರೆಗೂ ಎಚ್ಚರ ಇಲ್ಲ ಸಾರ್. ಆಮೇಲೆ ಕಣ್ಣು ಬಿಟ್ರು, ಕತ್ತಲಾಗಿತ್ತು. ರಾತ್ರಿ ಆಯ್ತು ಅಂತ ಮತ್ತೆ ಮಲಗಿದ್ರು!

ಅಧಿಕಾರಿ ನಗು ತಡೆದುಕೊಂಡರು. ತಡೆದ ಭರಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಬೆರಳಿನಿಂದ ಮೇಲಕ್ಕೆ ತಳ್ಳಿದರು. ಅದು ಮತ್ತೆ ಜಾರಿತು. ಕನ್ನಡಕದಣ್ಣನಿಗೆ ಇದನ್ನು ನೋಡಲಾಗುತ್ತಿರಲಿಲ್ಲ, ಆದರೂ ಹಲ್ಲು ಕಚ್ಚಿ ಕೂತ.

ಕನ್ನಡಕದಣ್ಣ: ಅದೆಲ್ಲ ಬಿಡಿ. ಬೆಳಿಗ್ಗೆಯಿಂದ ಮೂರು ಜನ ಬಂದು ಬನ್ನು ಕೇಳಿದ್ರು. ಒಬ್ಬರು ಅಜ್ಜಿಯಂತೂ ಚಿತ್ರದಲ್ಲಿರೋ ಬಾಗಿಲ ಹಿಡಿಕೆ ಹಿಡ್ಕೊಂಡು ಅಷ್ಟು ಹೊತ್ತು ಎಳೆದ್ರು.

ಅಧಿಕಾರಿ: ನೋಡಿದ್ರಾ! ಬೀದಿಗೆ ಜನ ಬರ್ತಿದ್ದಾರೆ. ಇದನ್ನೇ ನಾವು ಪುನಶ್ಚೇತನ ಅನ್ನೋದು.

ಕನ್ನಡಕದಣ್ಣ: ಏನ್ ಪುನಶ್ಚೇತನ ರೀ! ಆ ಅಜ್ಜಿ ಹೋದ ವಾರ ತಾನೇ ನನ್ನ ಹತ್ರ ಕನ್ನಡಕ ಮಾಡಿಸ್ಕೊಂಡು ಹೋದವರು.

ಅಧಿಕಾರಿ: ಓಹೋ. ಹಾಗಾದ್ರೆ ನಿಮ್ಮ ಕನ್ನಡಕ ಅಷ್ಟಕ್ಕಷ್ಟೇ ಅಂತಾಯ್ತು.

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದಾಯಿತು. ನಗುವಾಗ ಕೈಯಲ್ಲಿ ಸೌಟು ನಿಲ್ಲುವುದಿಲ್ಲ.

ಕನ್ನಡಕದಣ್ಣ: ಸ್ವಾಮಿ, ಕೈ ಮುಗೀತೀನಿ. ತಪ್ಪಾಯ್ತು, ನಿದ್ದೆ ಮಾಡಿದ್ದೆ. ಈಗ ಎದ್ದಿದ್ದೀನಿ. ಈ ಅಂಗಡಿ ಇದೆ ಅಂತ ಬರ್ಕೊಂಡು ಚಿತ್ರ ಕಿತ್ತು ಹಾಕಿಸಿ.

ಅಧಿಕಾರಿ: ಅದೇ ಆಗಲ್ಲ. ದುಡ್ಡು ಬರೋ ದಾರೀನೇ ಹಾಗಿದೆ. ಒಂದು ಬೀದಿ ಹಾಳಾಗಿದೆ ಅಂತ ಮೊದಲು ಸಾಬೀತಾಗಬೇಕು. ಮೂರರಲ್ಲಿ ಒಂದು ಅಂಗಡಿ ಖಾಲಿ ಇದ್ರೆ ಹಾಳು. ನಿಮ್ಮ ಬೀದೀಲಿ ನಿಮ್ಮದೂ ಸೇರಿ ಸರಿಯಾಗಿ ಮೂರರಲ್ಲಿ ಒಂದು. ನಿಮ್ಮದು ಇದೆ ಅಂತ ಬರೆದೆ ಅಂದ್ಕೊಳ್ಳಿ, ಬೀದಿ ಚೆನ್ನಾಗಿದೆ ಅಂತಾಗುತ್ತೆ. ಚೆನ್ನಾಗಿರೋ ಬೀದಿಗೆ ಒಂದು ಕಾಸೂ ಇಲ್ಲ. ಚರಂಡಿ ಇಲ್ಲ, ದೀಪ ಇಲ್ಲ, ಫುಟ್‌ಪಾತ್ ಇಲ್ಲ.

ಕನ್ನಡಕದಣ್ಣ: ಅಂದ್ರೆ, ನಾನು ಬದುಕಿದ್ರೆ ಬೀದಿ ಸಾಯುತ್ತೆ?

ಅಧಿಕಾರಿ: ಅಷ್ಟು ಕಟುವಾಗಿ ಹೇಳಬೇಡಿ. ನಿಮ್ಮ ಸಹಕಾರಕ್ಕೆ ಬೀದಿಯವರೆಲ್ಲ ಆಭಾರಿಯಾಗಿದ್ದಾರೆ ಅನ್ನಿ.

ಕನ್ನಡಕದಣ್ಣ: ಅದಕ್ಕೇ ಎದುರು ಮನೆ ದರ್ಜಿ ಬೆಳಿಗ್ಗೆ ನನ್ನ ನೋಡಿ, 'ಅಣ್ಣಾ, ನೀನು ಇನ್ನೂ ಇಲ್ಲೇ ಇದ್ದೀಯಾ' ಅಂದ! ಪ್ರೀತಿಯಿಂದ ಕೇಳ್ದ ಅಂದ್ಕೊಂಡೆ.

ಹೆಂಡತಿ (ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು): ಸಾರ್, ಆ ಚರಂಡಿ, ದೀಪ, ಅದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ? ಮೇಲಿನವರು ಕೊಡ್ತಾರಾ?

ಅಧಿಕಾರಿ: ಇಲ್ಲಮ್ಮ, ಮಂಡಳಿ ಸಾಲ ಮಾಡುತ್ತೆ. ಬೀದಿ ಚೆನ್ನಾಗಾದ ಮೇಲೆ ಅಂಗಡಿಗಳ ಬೆಲೆ ಏರುತ್ತೆ, ಬೆಲೆ ಏರಿದ್ರೆ ತೆರಿಗೆ ಏರುತ್ತೆ. ಆ ಏರಿದ ತೆರಿಗೇಲಿ ಸಾಲ ತೀರಿಸ್ತೀವಿ. ಯಾರಿಗೂ ಒಂದು ಪೈಸೆ ಹೊರೆ ಇಲ್ಲ.

ಕನ್ನಡಕದಣ್ಣ: ತೆರಿಗೆ ಕಟ್ಟೋರು ಯಾರು?

ಅಧಿಕಾರಿ: ನೀವೇ.

ಕನ್ನಡಕದಣ್ಣ: ಅಂದ್ರೆ ನಾನಿನ್ನೂ ದುಡಿಯದೇ ಇರೋ ದುಡ್ಡನ್ನ ನೀವು ಆಗಲೇ ಖರ್ಚು ಮಾಡಿ ಮುಗಿಸಿದ್ದೀರಿ!

ಹೆಂಡತಿ: ಇದರಲ್ಲಿ ಹೊಸದೇನಿದೆ ರೀ? ನೀವೂ ನಮ್ಮ ಸಂಸಾರ ಹಾಗೇ ನಡೆಸಿದ್ದು.

ಅಧಿಕಾರಿ: ಸಾಲ ಕೊಡೋರು ಸೋಮವಾರ ಬೀದಿ ನೋಡೋಕೆ ಬರ್ತಾರೆ. ಬೀದಿ ಹಾಳಾಗಿರಬೇಕು, ಆದ್ರೆ ನೋಡೋಕೆ ಚೆನ್ನಾಗಿರಬೇಕು. ಅದಕ್ಕೇ ಈ ಚಿತ್ರ.

ಇಷ್ಟು ಹೇಳುವಷ್ಟರಲ್ಲಿ ಅಧಿಕಾರಿಯ ಕನ್ನಡಕ ನಾಲ್ಕು ಸಲ ಜಾರಿತ್ತು. ಕನ್ನಡಕದಣ್ಣನ ತಾಳ್ಮೆ ಮುಗಿಯಿತು. ಅವನು ಮೇಜಿನ ಮೇಲೆ ಬಗ್ಗಿ, ಮಾತಿಲ್ಲ ಕತೆಯಿಲ್ಲ, ಅಧಿಕಾರಿಯ ಮೂಗಿನಿಂದ ಕನ್ನಡಕ ಕಿತ್ತುಕೊಂಡು ಸಣ್ಣ ಸ್ಕ್ರೂಡ್ರೈವರ್ ಹಿಡಿದ. ಕನ್ನಡಕವಿಲ್ಲದ ಅಧಿಕಾರಿ ಕಣ್ಣು ಕಿರಿದು ಮಾಡಿ, ಗೋಡೆಯ ಮೇಲಿದ್ದ ಅಕ್ಷರಗಳ ಪಟಕ್ಕೆ ಸಿಟ್ಟಿನಿಂದ ಬೈಯತೊಡಗಿದರು.

ಅಧಿಕಾರಿ: ಇದೇನು ಯಜಮಾನ್ರೇ! ಕೊಡಿ ಇಲ್ಲಿ!

ಕನ್ನಡಕದಣ್ಣ: ನಾನು ಈ ಕಡೆ ಇದ್ದೀನಿ ಸ್ವಾಮಿ. ಸ್ಕ್ರೂ ಸಡಿಲ ಆಗಿದೆ, ಬಿಗಿ ಮಾಡ್ತಿದ್ದೀನಿ. ಬಿಗಿ ಆಯ್ತು. ಆದ್ರೆ ಕೊಡಲ್ಲ. ಚಿತ್ರ ತೆಗೆಸಿ, ಕನ್ನಡಕ ತಗೊಳ್ಳಿ.

ಅಧಿಕಾರಿ: ದೂರು ಕೊಡ್ತೀನಿ ನಿಮ್ಮ ಮೇಲೆ!

ಕನ್ನಡಕದಣ್ಣ: ಧಾರಾಳವಾಗಿ ಕೊಡಿ. ಎಲ್ಲಿ ಕಳೀತು ಅಂತ ಬರೀತೀರಿ? ಖಾಲಿ ಮಳಿಗೇಲಾ? ಕಿತ್ಕೊಂಡಿದ್ದು ಯಾರು ಅಂತ ಬರೀತೀರಿ? ಜೀವದ ಲಕ್ಷಣ ಇಲ್ಲದವನಾ?

ಕನ್ನಡಕದಣ್ಣನಿಗೆ ತುಂಬ ದಿನಗಳ ಮೇಲೆ ಗೆದ್ದಂತಾಯಿತು. ಆ ಸುಖ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ.

ಅಧಿಕಾರಿ: ಇಟ್ಕೊಳ್ಳಿ, ಚೆನ್ನಾಗಿ ಇಟ್ಕೊಳ್ಳಿ. ಸೋಮವಾರ ಸಾಲದವರು ನೋಡಿ ಹೋದ ಮೇಲೆ ಚಿತ್ರ ತಾನಾಗೇ ಇಳಿಯುತ್ತೆ. ಈ ಮಳಿಗೇನ ಕಟ್ಟಡದ ಮಾಲೀಕರಿಂದ ಮಂಡಳಿ ಬಾಡಿಗೆಗೆ ತಗೊಂಡಾಗಿದೆ. ಹೊಸ ಉದ್ಯಮಿಗೆ ಕೊಟ್ಟೂ ಆಗಿದೆ. ಒಂದು ವರ್ಷದ ಬಾಡಿಗೆ ಮಂಡಳೀದು, ಮುಂಭಾಗಕ್ಕೆ ಹೊಸ ಗಾಜು, ಹೊಸ ಬೋರ್ಡು, ಎಲ್ಲ ಮಂಡಳೀದೇ.

ಕನ್ನಡಕದಣ್ಣ: ಹೊಸಬರಿಗೆ ಇಷ್ಟೆಲ್ಲ! ಇಷ್ಟು ವರ್ಷ ಇಲ್ಲೇ ಬಿದ್ದಿರೋ ನಮಗೆ ಏನು ಕೊಡ್ತೀರಿ?

ಅಧಿಕಾರಿ: ಹಳಬರಿಗೆ ಅಭಿನಂದನೆ ಇದೆ.

ಕನ್ನಡಕದಣ್ಣ: ಯಾರು ಆ ಹೊಸಬ? ಏನು ಅಂಗಡಿ ಇಡ್ತಾನೆ? ಬೇಕರಿನಾ?

ಅಧಿಕಾರಿ: ಇಲ್ಲ, ಅದು ಬರೀ ಚಿತ್ರ. ಈ ಬೀದಿಗೆ ಏನು ಕೊರತೆ ಇದೆ ಅಂತ ಸಮೀಕ್ಷೇಲಿ ಚೆನ್ನಾಗಿ ನೋಡಿದ್ದೀವಿ. ದರ್ಜಿ ಇದ್ದಾನೆ, ಔಷಧಿ ಅಂಗಡಿ ಇದೆ. ಕನ್ನಡಕದ ಅಂಗಡಿ ಒಂದೂ ಇಲ್ಲ. ಒಬ್ಬ ಮಹಿಳೆ ಮುಂದೆ ಬಂದಿದ್ದಾರೆ. ತುಂಬ ಚುರುಕು.

ಕನ್ನಡಕದಣ್ಣನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಇಲ್ಲಿಯವರೆಗೆ ಅವನು ಬೈದಿದ್ದೆಲ್ಲ ಒಂದು ಕಾಗದದ ಚಿತ್ರಕ್ಕೆ. ಈಗ ನಿಜವಾಗಿ ಹೆದರಿಕೆಯಾಯಿತು. ಈ ಕುರ್ಚಿ ಬಿಟ್ಟರೆ ಅವನಿಗೆ ಕೂರಲು ಬೇರೆ ಜಾಗ ಗೊತ್ತಿರಲಿಲ್ಲ, ಈ ಕೆಲಸ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೆದರಿಕೆಯಾದಾಗ ಎಲ್ಲ ಗಂಡಸರೂ ಮಾಡುವಂತೆ ಅವನೂ ಕೂಗಾಡಿದ.

ಕನ್ನಡಕದಣ್ಣ: ಯಾರವಳು? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿರೋಳು! ಕನ್ನಡಕದ ಹಿಂದುಮುಂದು ಗೊತ್ತಾ ಅವಳಿಗೆ?

ಹೆಂಡತಿ: ಗೊತ್ತಿರಬಹುದು ರೀ. ಪಾಪ, ಕಾಣದವರ ಮೇಲೆ ಯಾಕೆ ಹಾರಾಡ್ತೀರಿ.

ಕನ್ನಡಕದಣ್ಣ: ನೀನು ಅವಳ ಪರ ವಹಿಸ್ಬೇಡ! ನಾಚಿಕೆ, ಮಾನ, ಮರ್ಯಾದೆ ಏನೂ ಇಲ್ಲದ ಹೆಂಗಸಿರಬೇಕು. ಗಂಡ ಅನ್ನೋನು ಒಬ್ಬ ಇದ್ದಾನೋ ಇಲ್ವೋ?

ಹೆಂಡತಿ: ಇದ್ದಾನೆ. ಇದ್ದೂ ಅಷ್ಟರಲ್ಲೇ ಇದೆ.

ಕನ್ನಡಕದಣ್ಣ: ಅವನು ಎಂಥ ಗಂಡಸೋ! ಹೆಂಡತಿ ಇನ್ನೊಬ್ಬರ ಅಂಗಡಿ ನುಂಗೋಕೆ ಹೊರಟ್ರೆ ಎಲ್ಲಿ ಹೋಗಿದ್ನಂತೆ?

ಹೆಂಡತಿ: ಮಲಗಿದ್ದ.

ಅಧಿಕಾರಿ ದನಿ ಬಂದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

ಅಧಿಕಾರಿ: ಆಗಿನಿಂದ ಅಂದ್ಕೊಳ್ತಿದ್ದೆ, ಈ ದನಿ ಎಲ್ಲೋ ಕೇಳಿದ್ದೀನಲ್ಲ ಅಂತ! ಜಾರೋ ಕನ್ನಡಕದಲ್ಲಿ ಮುಖ ಸರಿಯಾಗಿ ಗೊತ್ತಾಗಲಿಲ್ಲ. ಅಮ್ಮಾ, ಮೊನ್ನೆ ನಮ್ಮ ಕಚೇರಿಗೆ ಅರ್ಜಿ ಹಾಕೋಕೆ ಬಂದಿದ್ದವರು ನೀವೇ ಅಲ್ವಾ?

ಹೆಂಡತಿ: ನಾನೇ ಸಾರ್. ಕಣ್ಣು ಕಾಣದಿದ್ರೂ ಕಿವಿ ಚೆನ್ನಾಗಿದೆ ನಿಮಗೆ.

ಕನ್ನಡಕದಣ್ಣ: ನೀನಾ? ಲೇ... ನೀನಾ?

ಹೆಂಡತಿ: ಹೂಂ, ನಾನೇ, ಆ ನಾಚಿಕೆ ಇಲ್ಲದ ಹೆಂಗಸು. ಸಮೀಕ್ಷೆಯವರು ಹಿಂಬಾಗಿಲಿಗೂ ಬಂದಿದ್ರು. ಅಂಗಡೀಲಿ ಯಾರಾದ್ರೂ ಇದ್ದಾರಾ ಅಂದ್ರು. ಖಾಲಿ ಇದ್ರೆ ಹೊಸಬರಿಗೆ ಮಂಡಳೀನೇ ಬಾಡಿಗೆ ಕಟ್ಟುತ್ತೆ ಅಂದ್ರು, ಯಾರೂ ಇಲ್ಲ ಅಂತ ನಾನೇ ಹೇಳಿ ಕಳಿಸಿದೆ. ಏನು ಮಾಡಲಿ? ಕಟ್ಟಡದವರು ಬಾಡಿಗೆ ಕೇಳಿ ಕೇಳಿ ಸಾಕಾಗಿ, ಈ ತಿಂಗಳು ಖಾಲಿ ಮಾಡಿಸ್ತೀನಿ ಅಂದಿದ್ರು. ನಿಮಗೆ ಹೇಳಿದೆ, 'ನೋಡೋಣ ಬಿಡು' ಅಂದ್ರಿ. ಮತ್ತೆ ಹೇಳಿದೆ, 'ನೋಡೋಣ ಬಿಡು ಅಂದ್ನಲ್ಲ' ಅಂದ್ರಿ. ಈ ಅಂಗಡಿ ಹೋದ್ರೆ ನಿಮ್ಮನ್ನ ಎಲ್ಲಿ ಕೂರಿಸಲಿ ನಾನು? ಅಡುಗೆಮನೇಲಾ? ಯೋಚನೆ ಮಾಡಿ ಮಾಡಿ ನನಗೆ ನಿದ್ದೆಯೇ ಇರಲಿಲ್ಲ ರೀ.

ಕನ್ನಡಕದಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿ, ಅಧಿಕಾರಿಯ ಕನ್ನಡಕದ ಗಾಜನ್ನು ಬಟ್ಟೆಯಿಂದ ಒರೆಸಿ ಒರೆಸಿ ಅವರ ಮೂಗಿಗೆ ತಾನೇ ಏರಿಸಿದ. ಕನ್ನಡಕ ಅಲುಗಾಡದೆ ನಿಂತಿತು. ಅಧಿಕಾರಿ ತಲೆ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ, ಖುಷಿಯಾಗಿ, ಬ್ಯಾಗಿನಿಂದ ಕಾಗದ ತೆಗೆದರು.

ಅಧಿಕಾರಿ: ಹಾಗಾದ್ರೆ ಎಲ್ಲ ಸುಸೂತ್ರ. ಒಂದೇ ಒಂದು ಅಂಶ ಉಳಿದಿದೆ ಅಮ್ಮಾ. ನಮ್ಮ ಯೋಜನೇಲಿ ಪ್ರತಿ ಹೊಸ ಅಂಗಡೀನೂ ಒಬ್ಬರಿಗಾದ್ರೂ ಕೆಲಸ ಕೊಡಬೇಕು. ಇಲ್ಲದಿದ್ರೆ ಮಂಜೂರಾತಿ ರದ್ದು. ಯಾರನ್ನ ತಗೊಳ್ತೀರಿ?

ಹೆಂಡತಿ: ಯಾರಾದ್ರೂ ಅನುಭವ ಇದ್ದವರು ಸಿಕ್ಕಿದ್ರೆ ನೋಡ್ಬೇಕು.

ಕನ್ನಡಕದಣ್ಣ ಗಂಟಲು ಸರಿ ಮಾಡಿಕೊಂಡ. ಕುರ್ಚಿಯಿಂದ ಎದ್ದು, ಅದನ್ನು ಹೆಂಡತಿಯ ಕಡೆಗೆ ತಿರುಗಿಸಿ ಇಟ್ಟ. ತಾನು ಮೇಜಿನ ಈಚೆಗೆ ಬಂದು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಕೈ ಕಟ್ಟಿ ನಿಂತ.

ಕನ್ನಡಕದಣ್ಣ: ನನಗೆ ಅನುಭವ ಇದೆ.

ಹೆಂಡತಿ (ಕುರ್ಚಿಯಲ್ಲಿ ನಿಧಾನವಾಗಿ ಕೂತು): ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?

ಕನ್ನಡಕದಣ್ಣ: ಇದೇ ಬೀದೀಲಿ. ಒಂದು ಕನ್ನಡಕದ ಅಂಗಡೀಲಿ.

ಹೆಂಡತಿ: ಆ ಅಂಗಡಿ ಯಾಕೆ ಮುಚ್ಚಿ ಹೋಯ್ತು?

ಕನ್ನಡಕದಣ್ಣ: ಅಂಗಡಿ ಚೆನ್ನಾಗೇ ಇತ್ತು. ನಡೆಸ್ತಿದ್ದ ಮನುಷ್ಯ ಸರಿ ಇರಲಿಲ್ಲ, ಮೇಡಂ.